ಮೇಜಿನ ಕಾಲು ಕೊಯ್ದ ಮನೆಯಲ್ಲಿ ಎದ್ದು ನಿಂತೆ

ನಮ್ಮ ಯಜಮಾನರು ಬಡಗಿ. ಅವರ ಕೈಗೆ ಗರಗಸ ಸಿಕ್ಕಿತೋ, ಮುಗಿಯಿತು. ನಾನು ಅಟ್ಟದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಮನೆಗೆ ಬಂದೆ. ಬಂದು ನೋಡಿದರೆ ಇಡೀ ಮನೆಯೇ ಕೆಳಗಿಳಿದಿತ್ತು. ಕಪಾಟು ಇಳಿಸಿದ್ದರು, ಕನ್ನಡಿ ಇಳಿಸಿದ್ದರು, ಬಾಗಿಲ ಚಿಲಕವನ್ನೂ ಬಿಟ್ಟಿರಲಿಲ್ಲ. ನಾನು ಬಟ್ಟೆ ಕತ್ತರಿಸುತ್ತಿದ್ದ ದೊಡ್ಡ ಮೇಜಿನ ನಾಲ್ಕು ಕಾಲನ್ನೂ ಕುರ್ಚಿಗೆ ಹೊಂದುವಷ್ಟಕ್ಕೆ ಕೊಯ್ದುಹಾಕಿದ್ದರು. ನೆಂಟರು ಬಂದರೆ ಮುಖ ನೋಡಿಕೊಳ್ಳಲು ಬಗ್ಗಬೇಕು.

"ಇನ್ನು ನೀನು ಯಾವುದಕ್ಕೂ ಏಳಬೇಕಾಗಿಲ್ಲ," ಅಂದರು. ನನ್ನ ಕಣ್ಣು ತುಂಬಿ ಬಂತು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ ಹೇಳಿ.

ನಾನು ದರ್ಜಿ. ಹೊಲಿಗೆ ಯಂತ್ರವನ್ನು ಕೈಯಲ್ಲೇ ನಡೆಸುವ ಹಾಗೆ ಅವರು ಮಾಡಿಕೊಟ್ಟರು, ಹೊಲಿಗೆ ಶುರುವಾಯಿತು. ಆದರೆ ಬಟ್ಟೆ ಕತ್ತರಿಸುವುದು ನಿಂತು ಮಾಡುವ ಕೆಲಸ. ಕೂತರೆ ಮೇಜಿನ ಆಚೆ ಅಂಚಿಗೆ ಕೈ ಎಟುಕುವುದಿಲ್ಲ, ಬಟ್ಟೆ ಜಾರುತ್ತದೆ, ಕತ್ತರಿ ಓರೆ ಹೋಗುತ್ತದೆ. ಹಾಗಾಗಿ ಬಟ್ಟೆಯನ್ನು ಇನ್ನೊಂದು ಅಂಗಡಿಗೆ ಕಳಿಸಿ ಕತ್ತರಿಸಿ ತರಿಸುತ್ತಿದ್ದೆ. ಆ ಅಂಗಡಿಯವರು ಹೇಗೆ ಹೇಗೋ ಕತ್ತರಿಸಿದ್ದಕ್ಕೆ ನಾನು ಹೊಲಿಗೆ ಹಾಕಬೇಕು. ಹೊಟ್ಟೆ ಉರಿದು ಹೋಗುತ್ತಿತ್ತು.

ಇದರ ಜೊತೆಗೆ ಪಾದ ಊದತೊಡಗಿತು. ಹಿಮ್ಮಡಿ ಕುರ್ಚಿಯ ಪಾದವಿಡುವ ಹಲಗೆಗೆ ಊರದಾಯಿತು. ಮಲಗಿದರೂ ಮಂಡಿ ಮಡಚಿಕೊಂಡೇ ಇರುತ್ತಿತ್ತು. ಆಗ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮನೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಯಾರಿಗೂ ಸೊಪ್ಪು ಹಾಕುವವರಲ್ಲ. ಮೊದಲು ಮನೆಯೆಲ್ಲ ಸುತ್ತಿ ನೋಡಿದರು.

"ಅಣ್ಣಾ, ಕೆಲಸ ಬಹಳ ಚೆನ್ನಾಗಿ ಮಾಡಿದೀರ. ಅಕ್ಕನಿಗೆ ಇದೆಲ್ಲ ಬೇಕೇ ಬೇಕು."

ನಮ್ಮವರ ಎದೆ ಉಬ್ಬಿತು.

ಮೇಡಂ ನನ್ನ ಕಾಲನ್ನು ಮೆಲ್ಲಗೆ ಚಾಚಿಸಲು ನೋಡಿದರು. ಮಂಡಿ ಅರ್ಧಕ್ಕೇ ನಿಂತಿತು. "ಇಡೀ ದಿನ ಕೂತೇ ಇದ್ದು ಕೀಲು ಬಿಗೀತಾ ಇದೆ. ಹೀಗೇ ಬಿಟ್ರೆ ಆಮೇಲೆ ನಿಲ್ಲಿಸೋಕೂ ಆಗಲ್ಲ, ನೆಟ್ಟಗೆ ಮಲಗಿಸೋಕೂ ಆಗಲ್ಲ. ಈಗಲೇ ವ್ಯಾಯಾಮ ಶುರು ಮಾಡೋಣ. ಡಾಕ್ಟರು ಮೂಳೆ, ರಕ್ತದೊತ್ತಡ ನೋಡಿ ಸರಿ ಅಂದ್ರೆ, ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ ನಿಲ್ಲಿಸೋಣ."

"ಅದೇನು ಫ್ರೇಮು?" ಅಂದರು ನಮ್ಮವರು.

"ಕಾಲಿಗೆ ಬಲ ಇಲ್ಲದವರನ್ನ ಹಿಡಿದು ನಿಲ್ಲಿಸೋ ಚೌಕಟ್ಟು. ಮಂಡಿಗೆ, ಸೊಂಟಕ್ಕೆ, ಎದೆಗೆ ಆಸರೆ ಇರುತ್ತೆ."

"ಕಾಲಿನ ಸ್ಪರ್ಶವೇ ಗೊತ್ತಾಗದವಳನ್ನ ಕಟ್ಟಿ ನಿಲ್ಲಿಸ್ತೀರಾ? ನಿಂತು ಏನಾಗಬೇಕು? ಎಲ್ಲಾನೂ ಕೈಗೆ ಸಿಗೋ ಹಾಗೆ ಇಟ್ಟಿದೀನಿ."

"ಕೀಲು ಬಿಗಿಯೋದನ್ನ ತಡೆಯೋಕೆ ಸಹಾಯ ಆಗುತ್ತೆ. ಕೂತೂ ಕೂತೂ ಹಿಂಭಾಗಕ್ಕೆ ಬೀಳೋ ಭಾರ ಅಷ್ಟು ಹೊತ್ತು ತಪ್ಪುತ್ತೆ. ಕೆಲವರಿಗೆ ಮಲಬದ್ಧತೆನೂ ಕಡಿಮೆ ಆಗುತ್ತೆ."

"ಅಷ್ಟೇ ತಾನೆ? ಒಳ್ಳೆ ಮರ ಇದೆ, ನಾಳೆ ಸಂಜೆಯೊಳಗೆ ನಾನೇ ಒಂದು ಮಾಡ್ತೀನಿ."

"ಅಣ್ಣಾ, ಮೊದಲು ಗರಗಸ ಕೆಳಗಿಡಿ," ಅಂದರು ಮೇಡಂ. "ಕಟ್ಟೋ ಪಟ್ಟಿ ಒಂದಿಷ್ಟು ಆಚೀಚೆ ಆದ್ರೂ ಚರ್ಮ ಉಜ್ಜಿ ಗಾಯ ಆಗುತ್ತೆ. ಅಕ್ಕನಿಗೆ ನೋವೇ ಗೊತ್ತಾಗಲ್ಲ. ಅಳತೆ ತಗೊಂಡು, ಹೊಂದಿಸಿ, ಕಲಿತು ಮಾಡೋ ಕೆಲಸ ಇದು."

ನಮ್ಮವರು ಎದ್ದು ಹೊರಗೆ ಹೋದರು. ಮೇಡಂ ಹೊರಟ ಮೇಲೆ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ಎತ್ತರದಿಂದ ಬಿದ್ದೇ ನಿನಗೆ ಹೀಗಾಗಿದ್ದು. ಇನ್ನೊಂದ್ಸಲ ಬಿದ್ರೆ ನನ್ನ ಕೈಲಿ ನೋಡೋಕಾಗಲ್ಲ ಕಣೇ," ಅಂದರು. ಮನೆಯನ್ನೆಲ್ಲ ಯಾಕೆ ತಗ್ಗಿಸಿದರು ಎಂದು ನನಗೆ ಆಗಲೇ ಅರ್ಥವಾದದ್ದು.

"ರೀ, ನನಗೂ ಭಯ ಇದೆ," ಅಂದೆ. "ಆದ್ರೆ ಬಟ್ಟೆ ನಾನೇ ಕತ್ತರಿಸಬೇಕು. ಮಂಡಿ ಪೂರ್ತಿ ಬಿಗಿದ ಮೇಲೆ ನೀವು ಎಷ್ಟು ಪ್ರೀತಿಯಿಂದ ನೋಡ್ಕೊಂಡ್ರೂ ನಾನು ನಿಲ್ಲೋಕಾಗಲ್ಲ. ನನ್ನನ್ನ ನಿಲ್ಲಿಸಿ."

ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟರು. ಆಮೇಲೆ, "ಆ ಮೇಡಂ ಬಾಯಿ ಸ್ವಲ್ಪ ಜೋರು," ಅಂದರು. ಅಂದರೆ ಒಪ್ಪಿಗೆ ಎಂದರ್ಥ.

ಮೇಡಂ ತೋರಿಸಿಕೊಟ್ಟ ಹಾಗೆ ಅವರು ದಿನಾ ಬೆಳಿಗ್ಗೆ ನನ್ನ ಕಾಲು ಚಾಚಿಸಿದರು, ಪಾದ ಮೇಲಕ್ಕೆ ಒತ್ತಿ ಹಿಡಿದರು. ಒರಟು ಕೈ, ಆದರೂ ಒಂದು ದಿನವೂ ಅವಸರ ಮಾಡಲಿಲ್ಲ. ಮಂಡಿ ನಿಧಾನವಾಗಿ ಸಡಿಲವಾಯಿತು. ಡಾಕ್ಟರು ಪರೀಕ್ಷೆ ಮಾಡಿ ಆಗಬಹುದೆಂದರು. ಆಸ್ಪತ್ರೆಯ ಪುನರ್ವಸತಿ ಕೇಂದ್ರದಲ್ಲಿ ನನ್ನನ್ನು ಫ್ರೇಮಿನ ಆಸನದಲ್ಲಿ ಕೂರಿಸಿ ಪಟ್ಟಿ ಬಿಗಿದರು. ಮೇಡಂ ಹಿಡಿಕೆ ಒತ್ತಿದಂತೆ ನಾನು ಮೇಲೇಳತೊಡಗಿದೆ.

ಅರ್ಧಕ್ಕೇ ತಲೆ ಗಿರ್ರೆಂದಿತು. ಹೇಳಿದೆ. ತಕ್ಷಣ ಕೆಳಗಿಳಿಸಿದರು. ನಮ್ಮವರ ಮುಖ ಬಿಳಿಚಿಕೊಂಡಿತ್ತು. "ಸಾಕು ಮೇಡಂ, ನಾವು ಮನೆಗೆ ಹೋಗ್ತೀವಿ," ಅಂದರು.

"ತುಂಬಾ ದಿನ ನಿಲ್ಲದವರಿಗೆ ಹೀಗಾಗುತ್ತೆ ಅಣ್ಣಾ. ಅದಕ್ಕೇ ಮೆಲ್ಲಗೆ ಎಬ್ಬಿಸೋದು. ಅಕ್ಕಾ, ನೀವೇ ಹೇಳಿ."

"ಎಬ್ಬಿಸಿ," ಅಂದೆ.

ಈ ಸಲ ಇನ್ನೂ ನಿಧಾನ. ಸ್ವಲ್ಪ ಏಳುವುದು, ನಿಲ್ಲಿಸುವುದು, ಕೇಳುವುದು. ಹಾಗೆ ಹಾಗೆ ನಾನು ಪೂರ್ತಿ ನಿಂತೆ. ಕಿಟಕಿಯಾಚೆ ರಸ್ತೆ ಕಂಡಿತು. ಕೆಳಗೆ ನೋಡಿದರೆ ನಮ್ಮವರ ನೆತ್ತಿ.

"ರೀ, ನೆತ್ತಿ ಮೇಲೆ ಇಷ್ಟು ಬೋಳಾಗಿದೆ, ನನಗೆ ಹೇಳೇ ಇಲ್ಲ."

ನಾನು ಅವರಿಗಿಂತ ನಾಲ್ಕು ಬೆರಳು ಎತ್ತರ. ಮದುವೆ ಫೋಟೋಗೆ ಅವರು ಹಲಗೆಯ ಮೇಲೆ ನಿಂತಿದ್ದರು. ಇಬ್ಬರಿಗೂ ಅದು ಮರೆತೇ ಹೋಗಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು, ನಕ್ಕರು, ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡರು.

ಕೇಂದ್ರದಲ್ಲಿ ನಾವಿಬ್ಬರೂ ಚೆನ್ನಾಗಿ ಕಲಿತ ಮೇಲೆ, ಒಂದು ಫ್ರೇಮನ್ನು ಮನೆಯಲ್ಲಿ ಬಳಸಲು ಎರವಲು ಕೊಟ್ಟರು. ನನ್ನ ಅಳತೆಗೆ ಮೇಡಂ ಹೊಂದಿಸಿಕೊಟ್ಟರು. ಅದರ ಮುಂದೆ ಹಾಕಲು ನಮ್ಮವರು ಎತ್ತರದ ಮೇಜು ಮಾಡಿದರು. ಈಗ ನಾನು ದಿನಾ ಸ್ವಲ್ಪ ಹೊತ್ತು ನಿಂತು ಬಟ್ಟೆ ಕತ್ತರಿಸುತ್ತೇನೆ. ಇಳಿದ ಮೇಲೆ ಕಾಲಿನ ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂದು ಇಬ್ಬರೂ ನೋಡುತ್ತೇವೆ.

"ಹಾಗಾದ್ರೆ ಇನ್ನು ನಡೀತೀಯಾ?" ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಇಲ್ಲ. ಫ್ರೇಮು ನನ್ನನ್ನು ನಡೆಸುವುದಿಲ್ಲ, ಹಾಗೆಂದು ಯಾರೂ ನನಗೆ ಆಸೆ ಹುಟ್ಟಿಸಲಿಲ್ಲ. ಗಾಲಿಕುರ್ಚಿ ನನ್ನದೇ, ತಗ್ಗಿಸಿದ ಕಪಾಟೂ ಬೇಕು. ಆದರೆ ನನ್ನ ಕಾಲು ನೆಟ್ಟಗಿದೆ, ನನ್ನ ಕತ್ತರಿ ನನ್ನ ಕೈಗೆ ಬಂದಿದೆ. ಮೇಡಂ ಅವರನ್ನು ನೆನೆಯದೆ ನಾನು ಒಂದು ಬಟ್ಟೆಗೂ ಕತ್ತರಿ ಹಾಕುವುದಿಲ್ಲ. ನಮ್ಮ ಯಜಮಾನರ ಋಣವಂತೂ ಹೇಳಿ ತೀರುವಂಥದ್ದಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕೂತಲ್ಲೇ, ಮಲಗಿದಲ್ಲೇ ಇರುವವರು ಇದ್ದಾರೆಯೇ? ನಾಳೆಯೇ ಹತ್ತಿರದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ ವಿಚಾರಿಸಿ. ಎಲ್ಲರಿಗೂ ಒಂದೇ ಸಲಕರಣೆ ಹೊಂದುವುದಿಲ್ಲ, ಕೆಲವರಿಗೆ ನಿಲ್ಲುವುದು ಬೇಡವೆಂದೂ ಹೇಳಬಹುದು. ಅದನ್ನು ಪರೀಕ್ಷೆ ಮಾಡಿದವರು ಹೇಳಲಿ. ನೀವಾಗಿ ಕಟ್ಟಿ ನಿಲ್ಲಿಸಬೇಡಿ, ನೀವಾಗಿ ಆಗದು ಎಂದೂ ತೀರ್ಮಾನಿಸಬೇಡಿ. ಹೋಗುವ ಮೊದಲು ಅವರ ಪಕ್ಕ ಕೂತು, ನಿನಗೇನು ಬೇಕು ಎಂದು ಕೇಳಿ. ನನ್ನನ್ನು ಯಾರೂ ಕೇಳಲಿಲ್ಲ, ನಾನೇ ಬಾಯಿಬಿಟ್ಟು ಹೇಳುವ ಹೊತ್ತಿಗೆ ಮಂಡಿ ಅರ್ಧ ಬಿಗಿದಿತ್ತು.