ಸೊಂಟ ಕಾಯ್ದ ಮದುವೆ ಗಡಿಗೆ

ಕುಂದಲಹಳ್ಳಿಯ ಚಿಕ್ಕಮುನಿಯಮ್ಮನ ಸೊಂಟ ನೋವು ವಾಸಿಯಾಗುವ ಜಾತಿಯದಲ್ಲ ಅಂತ ಡಾಕ್ಟರೇ ಕೈ ಚೆಲ್ಲಿದ್ದರು. ಆದರೂ ಸೋಮವಾರ ಬಂತೆಂದರೆ ಮುದುಕಿಗೆ ಮನೆಯಲ್ಲಿ ಕಾಲು ನಿಲ್ಲದು. ಕಾಡುಗೋಡಿಯಲ್ಲಿ ತಂಗಿ ಬೈರಮ್ಮ ಇದ್ದಾಳಲ್ಲ, ಸೊಸೆಯರನ್ನು ಬಾಯಿ ತುಂಬ ಬೈಯೋದಕ್ಕೆ ಅವಳ ಜಗಲಿಯಷ್ಟು ಸುಖದ ಜಾಗ ಇನ್ನೆಲ್ಲಿದೆ? ಆದರೆ ಸಾವಿರದ ಒಂಬೈನೂರ ಎಪ್ಪತ್ತೆಂಟರ ಆ ಕಾಲದಲ್ಲಿ ಊರಿಗೆ ಇದ್ದುದೇ ಒಂದು ಬಸ್ಸು. ಗುಂಡಿಗಳಲ್ಲಿ ಅದು ಕುಪ್ಪಳಿಸಿದರೆ ಪ್ರಾಣವೇ ಹೋದ ಹಾಗಾಗುತ್ತಿತ್ತು. ಹೋದ ಸಲವಂತೂ ಹಾಸಿಗೆ ಹಿಡಿದಿದ್ದಳು. "ಇನ್ನೊಂದ್ ಸಲ ಇಂಗೆ ಮಲಗಿದ್ರೆ ಬಸ್ಸು ಗಿಸ್ಸು ಎಲ್ಲಾ ಬಂದ್ ಕಣವ್ವ," ಅಂತ ಮಗ ವೆಂಕಟೇಶಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಮೆಲ್ಲಗೆ ಬಿಡಪ್ಪಾ, ಸೊಂಟ ನೋವು," ಅಂತ ಆ ಸೋಮವಾರ ಬಸ್ಸು ಹತ್ತುತ್ತಲೇ ಅವಳು ಡ್ರೈವರ್ ನಲ್ಲಪ್ಪನನ್ನು ಗೋಗರೆದಳು. ಅವನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಫ್ಯಾಕ್ಟರಿಯವರು ಕೂಗಿದರು: "ಶಿಫ್ಟಿಗೆ ಲೇಟಾಯ್ತದೆ, ಎತ್ತಿನ ಗಾಡೀಲಿ ಓಗಜ್ಜಿ!"

ಆಹಾ, ಹಾಗೋ! ಮುಂದಿನ ಸೋಮವಾರ ಮುದುಕಿ ಸುಣ್ಣ, ಕೆಮ್ಮಣ್ಣು ಬಳಿದ ಮದುವೆ ಗಡಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಲ್ಲೇ ಕೂತಳು. "ಮೊಮ್ಮಗನ ಮದ್ವೇದು ಕಣ್ರಪ್ಪಾ. ಒಡೆದ್ರೆ ಅಪಶಕುನ." ಅಷ್ಟೇ! ಹೋದ ವಾರ ಕೂಗಿದ್ದ ಬಾಯಿಗಳೇ "ಗುಂಡಿ! ಗುಂಡಿ! ಮೆಲ್ಲಗೆ ನಲ್ಲಪ್ಪಾ!" ಅನ್ನತೊಡಗಿದವು. ಬಸ್ಸು ತುಂಬು ಬಸುರಿಯ ಹಾಗೆ ನಡೆಯಿತು. ಮುದುಕಿಗೆ ಒಳಗೊಳಗೇ ನಗು. ಮನುಷ್ಯರ ಸೊಂಟಕ್ಕಿಲ್ಲದ ಮರ್ಯಾದೆ ಮಣ್ಣಿಗೆ!

ವಾರವಾರವೂ ಮದುವೆ. ಮೊಮ್ಮಕ್ಕಳೆಲ್ಲ ಮುಗಿದು, ತೊಟ್ಟಿಲಲ್ಲಿದ್ದ ಕೂಸಿಗೂ ಗಂಡು ಗೊತ್ತಾಯಿತು.

ಒಂದು ದಿನ ಕಾಡುಗೋಡಿಯಲ್ಲಿ ನಲ್ಲಪ್ಪನೇ ಬಂದು ಗಡಿಗೆ ಇಳಿಸಿಕೊಟ್ಟ. ಮುಚ್ಚಿದ್ದ ಬಟ್ಟೆ ಜಾರಿತು. ಅದೇ ಹಳೇ ಗಡಿಗೆ, ಒಳಗೆ ಎಲೆಅಡಿಕೆ ಚೀಲ, ಸೊಂಟಕ್ಕೆ ಹಚ್ಚುವ ಎಣ್ಣೆ ಸೀಸೆ. ಸೀಸೆಯನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿ ಬಸ್ಸು ಹತ್ತಿದ.

ಮುಗೀತು ನನ್ನ ಕಥೆ ಅಂದುಕೊಂಡಳು ಚಿಕ್ಕಮುನಿಯಮ್ಮ. ಮುಂದಿನ ಸೋಮವಾರ ಬರಿಗೈಲಿ ಬಂದು, ಸೆರಗು ಹೊದ್ದು ಹಿಂದಿನ ಸೀಟಲ್ಲಿ ಮುದುಡಿದಳು. ಇವತ್ತು ಸೊಂಟ ಹಿಡಿದರೆ ಇನ್ನು ಬೈರಮ್ಮನ ಮುಖ ಕಾಣುವ ಹಾಗಿಲ್ಲ. ಅಳುವೇ ಬಂತು.

ನಲ್ಲಪ್ಪ ಎದ್ದು ಹತ್ತಿರ ಬಂದು ಪಿಸುಗುಟ್ಟಿದ. "ಗಡಿಗೆ ಎಲ್ಲಜ್ಜೀ?"

"ತಪ್ಪಾಯ್ತು ಕಣಪ್ಪಾ."

"ತಪ್ಪು ಗಿಪ್ಪು ಆಮೇಲೆ. ಓಗಿ ತಗೊಂಡ್ ಬಾ, ಅಲ್ಲೀಗಂಟ ಗಾಡಿ ಕೆಟ್ಟೈತೆ ಅಂತೀನಿ. ಈ ಸೀಟಲ್ಲಿ ಕುಲುಕಿ ಕುಲುಕಿ ನನ್ ಸೊಂಟಾನೂ ಬಿದ್ದೋಗೈತೆ. ಸೋಮವಾರ ಒಂದ್ ರಾತ್ರಿ ನೆಟ್ಟಗೆ ನಿದ್ದೆ ಮಾಡ್ತಿದ್ದೆ, ಅದಕ್ಕೂ ಕಲ್ಲಾಕ್ಬೇಡ."

ಮುದುಕಿ ಕಣ್ಣೊರೆಸಿಕೊಂಡಳು. "ಮದ್ವೆಗೆ ಮೊಮ್ಮಕ್ಕಳೇ ಉಳಿದಿಲ್ವಲ್ಲಪ್ಪಾ!"

"ನನ್ ದೊಡ್ಡ ಮಗಳ್ದು ಅನ್ನು," ಅಂದ ನಲ್ಲಪ್ಪ. "ಅವಳ ಇಂದೆ ಇನ್ನೂ ಮೂವರು ಅವ್ರೆ."