ಶ್ರುತಿ ತಪ್ಪುವ ತಾಲೀಮು

ಮಿಂಚು ಎಂದರೆ ಯಾರಿಗೂ ಪರಿಚಯ ಹೇಳಬೇಕಿರಲಿಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮೆರವಣಿಗೆಯಲ್ಲಿ, ಎಲ್ಲೆಲ್ಲೂ ಅವಳದೇ ಹಾಡು. ಅಂಥವಳು ಹುಟ್ಟೂರಿನ ಹವ್ಯಾಸಿ ತಂಡದ ನಾಟಕದಲ್ಲಿ ಪಾರ್ಟು ಮಾಡುತ್ತೇನೆಂದಾಗ ಅವಳ ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತ. "ಇಪ್ಪತ್ತು ಸಾವಿರ ಜನರ ಮುಂದೆ ಕುಣಿದವಳಿಗೆ ನೂರಿಪ್ಪತ್ತು ಕುರ್ಚಿ ಯಾವ ಲೆಕ್ಕ?" ಎಂದು ಅವಳು ಪೆಟ್ಟಿಗೆ ಕಟ್ಟಿಕೊಂಡು ಬಂದೇಬಿಟ್ಟಳು.

ನಾಟಕ ಬರೆದು ಆಡಿಸುತ್ತಿದ್ದವರು ಶಾಲೆಯಲ್ಲಿ ಅವಳಿಗೆ ಭೂಗೋಳ ಕಲಿಸಿದ ಮೇಷ್ಟ್ರು. ನಿವೃತ್ತರಾದ ಮೇಲೆ ಹಳೆಯ ಗೋದಾಮೊಂದನ್ನು ಹಿಡಿದು, ಹಲಗೆ ಹೊಡೆಸಿ, ಪರದೆ ಕಟ್ಟಿಸಿ, ರಂಗಮಂದಿರ ಮಾಡಿಕೊಂಡಿದ್ದರು. ಮಿಂಚುವಿನದು ಇಸ್ತ್ರಿ ಅಂಗಡಿಯ ಹೆಂಗಸಿನ ಪಾತ್ರ. ಏಳು ವರ್ಷ ಹಡಗಿನಲ್ಲಿ ದುಡಿದ ಗಂಡ ಮರಳಿ ಬರುವ ದಿನ, ಆಕೆ ಅಂಗಿಗಳನ್ನು ಇಸ್ತ್ರಿ ಮಾಡುತ್ತ ಹಾಡಿಕೊಳ್ಳುವುದೇ ನಾಟಕದ ಜೀವ.

ಮೊದಲ ತಾಲೀಮಿನಲ್ಲಿ ಅವಳು ಹಾಡಿ ಮುಗಿಸಿದಾಗ, ಬಣ್ಣ ಬಳಿಯುತ್ತಿದ್ದವರೂ ಕುಂಚ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡರು.

"ತುಂಬಾ ಚೆನ್ನಾಗಿದೆಯಮ್ಮ. ತೊಂದರೆ ಇರೋದೇ ಅಲ್ಲಿ."

"ಯಾಕೆ ಮೇಷ್ಟ್ರೇ?"

"ಈಕೆಗೆ ಶ್ರುತಿ ಅಂದ್ರೇನು ಅಂತಲೇ ಗೊತ್ತಿಲ್ಲ. ಗಂಡ ಬಾಗಿಲಾಚೆ ನಿಂತು, ಆ ಅಪಸ್ವರ ಕೇಳಿ, ಇದು ನಮ್ಮನೇನೇ ಅಂತ ಗುರುತು ಹಿಡೀಬೇಕು. ನೀನು ಹಿಂಗೆ ಹಾಡಿದ್ರೆ ಅವನು ರೇಡಿಯೋ ಅಂದ್ಕೊಂಡು ಪಕ್ಕದ ಮನೆಗೆ ಹೋಗ್ತಾನೆ."

ಕೆಟ್ಟದಾಗಿ ಹಾಡುವುದೇನು ಮಹಾ ಎಂದುಕೊಂಡಳು. ಮೂಗಿನಲ್ಲಿ ಹಾಡಿದಳು, ಗಂಟಲು ಕಟ್ಟಿಕೊಂಡು ಹಾಡಿದಳು, ತಾರಕಕ್ಕೆ ಹೋಗಿ ದಬಕ್ಕನೆ ಕೆಳಗಿಳಿದಳು. ಹೇಗೆ ಹಾಡಿದರೂ ಯಾರನ್ನೋ ಆಡಿಕೊಂಡಂತೆ ಕೇಳುತ್ತಿತ್ತು. ನಾಲ್ಕು ದಿನ ಹೀಗೇ ಕಳೆದವು. ಐದನೆಯ ದಿನ ಅವಳು ಜಂಭ ಬದಿಗಿಟ್ಟು, ಊರಲ್ಲೇ ಇದ್ದ ತನ್ನಕ್ಕನ ಅಂಗಡಿಗೆ ಹೋದಳು.

ಅಕ್ಕನದು ಇಸ್ತ್ರಿ ಅಂಗಡಿ. ಚಿಕ್ಕಂದಿನಲ್ಲಿ ಇಬ್ಬರನ್ನೂ ಸಂಗೀತಕ್ಕೆ ಸೇರಿಸಿದ್ದರು. ಮೂರೇ ದಿನಕ್ಕೆ ಸಂಗೀತದ ಟೀಚರು "ದೊಡ್ಡವಳನ್ನ ಕಳಿಸಬೇಡಿ" ಎಂದಿದ್ದರು. ಆಮೇಲೆ ನೆಂಟರು ಬಂದಾಗಲೆಲ್ಲ ತಂಗಿ ಅಕ್ಕನ ಹಾಡನ್ನು ಅಣಕಿಸಿ ನಗಿಸುತ್ತಿದ್ದಳು. ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಈಗಲೂ ಅವಳು ಅಂಗಿಗೆ ನೀರು ಚಿಮುಕಿಸುತ್ತ, ಎತ್ತರದ ದನಿಯಲ್ಲಿ, ತಂಗಿಯದೇ ಹಾಡೊಂದನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಿದ್ದಳು. ತಂಗಿಯನ್ನು ಕಂಡು ನಿಲ್ಲಿಸಿದಳು.

"ನಿಲ್ಲಿಸ್ಬೇಡ ಕಣೇ ಅಕ್ಕಾ. ಅದನ್ನೇ ಕಲಿಯೋಕೆ ಬಂದಿದೀನಿ."

"ನಂಗೊತ್ತು. ಮೇಷ್ಟ್ರು ಆ ನಾಟಕಾನ ಇಲ್ಲೇ, ಈ ಬೆಂಚಿನ ಮೇಲೇ ಕೂತು ಬರೆದ್ರು. ನನ್ನ ಹಾಡು ಕೇಳಿಯೇ ಬರೆದ್ರು."

ಮಿಂಚು ಆ ಬೆಂಚಿನ ತುದಿಯಲ್ಲಿ ಕೂತಳು. "ಆವಾಗ ನಿನ್ನ ತುಂಬಾ ಅಣಕಿಸ್ತಿದ್ದೆ. ತಪ್ಪಾಯ್ತು," ಎಂದಳು.

"ಬೇಜಾರಾಗ್ತಿತ್ತು ಕಣೇ, ಇಲ್ಲ ಅನ್ನಲ್ಲ." ಅಕ್ಕ ಅಂಗಿ ಮಡಿಸಿಟ್ಟಳು. "ಆದ್ರೆ ಅಣಕಿಸುವಾಗಲೂ ನೀನು ಶ್ರುತೀಲೇ ಇರ್ತಿದ್ದೆ. ಈಗಲೂ ಅದೇ ಮಾಡ್ತಿದೀಯೇನೋ."

"ಮತ್ತೆ ತಪ್ಪಾಗಿ ಹಾಡೋದು ಹೇಗೆ?"

"ನಾನೆಲ್ಲಿ ತಪ್ಪಾಗಿ ಹಾಡ್ತೀನಿ? ನಾನು ಸರಿಯಾಗೇ ಹಾಡ್ತೀನಿ. ಹೊರಗೆ ಬರೋದು ಹೆಂಗಾದ್ರೂ ಬರಲಿ. ನೀನು ಹಾಡುವಾಗ ನಿನ್ನ ಕಿವಿ ಕಾವಲು ಕೂತಿರುತ್ತೆ. ಅದನ್ನ ಎಬ್ಬಿಸಿ ಕಳಿಸು. ಬರೋ ಗಂಡನ್ನ ನೆನೆಸ್ಕೊಂಡು ಹಾಡು."

ಒಂದು ವಾರ ಅವಳು ಆ ಅಂಗಡಿಯಲ್ಲೇ ಕಳೆದಳು. ಅಕ್ಕನ ಜೊತೆ ದನಿಗೂಡಿಸಿ ಹಾಡುತ್ತಿದ್ದಳು. ಬಟ್ಟೆ ಕೊಡಲು ಬಂದವರು ಇವಳು ಮಿಂಚುವೋ ಅಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿ ಹೋಗುತ್ತಿದ್ದರು.

ನಾಟಕದ ದಿನ, ಭಾನುವಾರ ಮಧ್ಯಾಹ್ನ, ಗೋದಾಮು ಕಿಕ್ಕಿರಿದಿತ್ತು. ಕುರ್ಚಿ ಸಿಗದವರು ಗೋಡೆಗೊರಗಿ ನಿಂತರು. ಅವಳು ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡದ್ದೇ ತಡ, ನೂರು ಫೋನುಗಳು ಮೇಲೆದ್ದವು. ಅವಳು ಬಾಯಿತೆರೆದಳು. ಹಾಡಿನ ಮೊದಲ ಸಾಲಿಗೇ ಜನ ಮುಖ ಮುಖ ನೋಡಿಕೊಂಡರು. ಎರಡನೆಯ ಸಾಲಿಗೆ ಹಿಂದಿನಿಂದ ಒಬ್ಬ "ಗಂಟಲು ಹೋಗಿದೆ ಪಾಪ" ಎಂದ. ಮೂರನೆಯದಕ್ಕೆ ಇಡೀ ಗೋದಾಮು ಗೊಳ್ಳೆಂದು ನಕ್ಕಿತು.

ಅವಳು ಹಾಡು ನಿಲ್ಲಿಸಲಿಲ್ಲ. ಕಣ್ಣುಮುಚ್ಚಿ, ಕೊರಳೆತ್ತಿ, ಸಂತೋಷವೆಲ್ಲ ಸುರಿದು ಹಾಡಿದಳು. ನಗು ತಾನಾಗಿಯೇ ತಗ್ಗಿತು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಬಾಗಿಲಾಚೆ ನಿಂತಿದ್ದ ಗಂಡನ ಪಾತ್ರದವನು ಗಂಟು ಕೆಳಗಿಟ್ಟು, ಬಾಗಿಲಿಗೆ ಹಣೆಯೊತ್ತಿ ನಿಂತಾಗ ಒಂದು ಕೆಮ್ಮೂ ಕೇಳಲಿಲ್ಲ. ಕುರ್ಚಿಗಳ ಮೂರನೆಯ ಸಾಲಿನಲ್ಲಿ ಅಕ್ಕ ತುಟಿಯಾಡಿಸುತ್ತ ಕೂತಿದ್ದಳು.

ನಾಟಕ ಮುಗಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಗಂಟಲು ಹೋಗಿದೆಯೆಂದು ಮರುಕಪಟ್ಟವನು ಮುಂದೆ ಬಂದು, "ಮೇಡಂ, ನಮ್ಮಮ್ಮ ಥೇಟ್ ಹಿಂಗೇ ಹಾಡ್ತಿದ್ರು," ಎಂದು ಕಣ್ಣೊರೆಸಿಕೊಂಡ.

ಮಿಂಚು ಬಣ್ಣವನ್ನೂ ತೊಳೆಯದೆ ಅಕ್ಕನನ್ನು ಹುಡುಕಿಕೊಂಡು ಓಡಿದಳು. "ಹೇಗಿತ್ತೇ?"

"ಹಾಡು ಪರವಾಗಿಲ್ಲ. ಎರಡು ಕಡೆ ಆಸೆ ತಡೀಲಾರದೆ ಶ್ರುತಿಗೆ ಬಂದೆ," ಎಂದಳು ಅಕ್ಕ. "ಆದ್ರೆ ಅಂಗಿ ಕಾಲರ್ ಬಿಟ್ಟು ಮೊದಲು ಬೆನ್ನಿಗೆ ಇಸ್ತ್ರಿ ಹಾಕ್ತಾರೇನೇ ಯಾರಾದ್ರೂ? ನಾಳೆ ಅಂಗಡಿಗೆ ಬಾ, ಹೇಳ್ಕೊಡ್ತೀನಿ."

ಮಿಂಚು ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿ, ಇನ್ನೂ ಮೂರು ಭಾನುವಾರ ಈ ನಾಟಕ ಆಡುವುದರಿಂದ ಅಲ್ಲಿಯವರೆಗೆ ತಾನು ಬರುವುದಿಲ್ಲವೆಂದು ಹೇಳಿದಳು.