ಮಿತ್ಸುವಿನ ಕೂದಲಿನ ಕುಂಚ

ನಾನು ಒಂದು ಕುಂಚ. ಕುಂಚವಾಗುವ ಮೊದಲು ಒಬ್ಬ ಹೆಂಗಸಿನ ಜಡೆಯಾಗಿದ್ದೆ.

ಊರು ಜಪಾನಿನ ಕಡಲತಡಿ. ಆಕೆಯ ಹೆಸರು ಮಿತ್ಸು. ಉಸಿರು ಬಿಗಿಹಿಡಿದು ಕಡಲ ತಳಕ್ಕೆ ಮುಳುಗಿ ಚಿಪ್ಪು ಹೆಕ್ಕುವುದು ಆಕೆಯ ಕಸುಬು. ಗಂಡ ತೋಕುಜಿ ಮರದ ಬಟ್ಟಲುಗಳಿಗೆ ಉರುಶಿ ಬಳಿಯುವವನು. ಉರುಶಿ ಎಂದರೆ ಒಂದು ಮರದ ಹಾಲು. ಬಳಿದರೆ ಕನ್ನಡಿಯಂತೆ ಹೊಳೆಯುತ್ತದೆ. ಅದಕ್ಕೆ ಮನುಷ್ಯರ ಕೂದಲಿನ ಕುಂಚವೇ ಬೇಕು. ಮದುವೆಯಾದ ಮರುವರ್ಷ ಮಿತ್ಸು ತನ್ನ ಜಡೆ ಕತ್ತರಿಸಿ ಗಂಡನ ಮುಂದಿಟ್ಟಳು.

"ಉಪ್ಪುನೀರು ಕುಡಿದ ಕೂದಲು, ಒಂಚೂರೂ ಜಿಡ್ಡಿಲ್ಲ. ಇವತ್ತಿಂದ ನನ್ನ ಜುಟ್ಟು ನಿಮ್ಮ ಕೈಲಿ," ಎಂದು ನಕ್ಕಳು.

ಕುಂಚ ಮಾಡುವವನು ನನ್ನನ್ನು ಬಾಚಿ, ಅಂಟು ಹಾಕಿ, ಎರಡು ಹಲಗೆಗಳ ನಡುವೆ ಉದ್ದಕ್ಕೂ ಕೂರಿಸಿದ. ಪೆನ್ಸಿಲಿನ ಹಾಗೆ ನಾನು. ತುದಿ ಸವೆದರೆ ಅದನ್ನು ಕೊಯ್ದು, ಹಲಗೆ ಕೆತ್ತಿದರೆ ಒಳಗಿನಿಂದ ಹೊಸ ಕೂದಲು ಬರುತ್ತದೆ. ಹೀಗೆ ಎಷ್ಟೋ ಸಲ ಹೊಸದಾದೆ. ಪ್ರತಿ ಸಲವೂ ಗಿಡ್ಡವಾದೆ.

ಒಂದು ದಿನ ಮಿತ್ಸು ಕಡಲಿಗೆ ಹೋದಳು. ಅವಳು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೇಲುಬುರುಡೆ ಮಾತ್ರ ಮರಳಿ ಬಂತು. ಮಗಳು ಚಿಗುಸ ಆಗ ಶಾಲೆಗೆ ಹೋಗುತ್ತಿದ್ದಳು.

ಆಮೇಲೆ ತೋಕುಜಿ ನನ್ನನ್ನು ಕೊಯ್ಯಲೇ ಇಲ್ಲ. ತುದಿ ಸವೆದಿದ್ದರಿಂದ ಕೆಲಸಕ್ಕೂ ಹಿಡಿಯಲಿಲ್ಲ. ಒಮ್ಮೊಮ್ಮೆ ತೆಗೆದು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಒಳಗಿಡುತ್ತಿದ್ದ.

ಚಿಗುಸ ದೊಡ್ಡ ಊರಿನಲ್ಲಿ ಹೊಸ ಕಾಲದ ಕಲೆ ಕಲಿತು ಬಂದಳು. ಕಡಲು ದಡಕ್ಕೆ ಎಸೆದ ಒಡಕು ಬಕೆಟ್ಟು, ಹವಾಯಿ ಚಪ್ಪಲಿಗಳಿಗೆಲ್ಲ ಉರುಶಿ ಬಳಿಯತೊಡಗಿದಳು.

"ಬಟ್ಟಲು ಕೇಳೋರಿಗೆ ಚಪ್ಪಲಿ ಕೊಡ್ತೀಯೇನೇ?" ಅಪ್ಪ ಚುಚ್ಚಿದ.

"ಬಟ್ಟಲು ಕೇಳೋರು ಎಲ್ಲಿದ್ದಾರಪ್ಪಾ?"

ಆತ ಬಳಿದ ಬಟ್ಟಲನ್ನು ಒಣಗಲು ಕಪಾಟಿನೊಳಗಿಟ್ಟ.

ನಗರದಲ್ಲಿ ಪ್ರದರ್ಶನವಿತ್ತು. ಚಿಗುಸ ಅಟ್ಟದಿಂದ ಆ ಕಿತ್ತಳೆ ಬುರುಡೆ ಇಳಿಸಿದಳು.

"ಅದನ್ನ ಮುಟ್ಟಬೇಡ."

"ನೀನೂ ಮುಟ್ಟಲ್ಲ, ನಾನೂ ಮುಟ್ಟಬಾರದು. ಅಮ್ಮ ಅಲ್ಲೇ ಧೂಳು ತಿಂತಾ ಇರಬೇಕಾ?"

ತೋಕುಜಿ ಎದ್ದು ಹೊರಗೆ ಹೋದ. ಪ್ಲಾಸ್ಟಿಕ್ಕಿಗೆ ಉರುಶಿ ಹಿಡಿಯುವುದಿಲ್ಲ. ಅವಳು ಬುರುಡೆಗೆ ಬಟ್ಟೆ ಅಂಟಿಸಿ ಬಳಿದಳು, ಉಜ್ಜಿದಳು, ಮತ್ತೆ ಬಳಿದಳು. ಬೇಸಿಗೆಯೆಲ್ಲ ಅದೇ ಕೆಲಸ. ಅಪ್ಪ ಹಾದುಹೋಗುವಾಗ ಗೋಡೆಗೆ ಹೇಳಿದಂತೆ, "ಅಡಿಯಲ್ಲಿ ದಪ್ಪ ಆಯ್ತು," ಎನ್ನುತ್ತಿದ್ದ. ಅವಳು ತಿದ್ದಿಕೊಳ್ಳುತ್ತಿದ್ದಳು.

ಕೊನೆಯ ಲೇಪ ಉಳಿಯಿತು. ಅವಳು ನನ್ನನ್ನು ಕಾಗದದಿಂದ ಬಿಚ್ಚಿ ಅಪ್ಪನ ಮುಂದಿಟ್ಟಳು.

"ಇದರಲ್ಲೇ ಬಳೀಬೇಕು. ನೀನೇ ಕೊಯ್ದು ಕೊಡು."

ನನ್ನೊಳಗೆ ಇನ್ನೊಂದೇ ಕೊಯ್ತಕ್ಕಾಗುವಷ್ಟು ಕೂದಲಿತ್ತು. ಅದು ಆತನಿಗೂ ಗೊತ್ತು.

"ಕೊಯ್ದರೆ ಮುಗೀತು ಕಣೇ."

"ಕಾಗದದಲ್ಲಿ ಸುತ್ತಿಟ್ರೆ ಅಮ್ಮ ಬರ್ತಾಳಾ?"

ತೋಕುಜಿ ಚಾಕು ತೆಗೆದುಕೊಂಡ. ಕೊಯ್ದು, ಹೊಸ ತುದಿಯ ಅಂಟು ಬಿಡಲೆಂದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೂದಲನ್ನು ಬೆರಳಲ್ಲಿ ಬಿಡಿಸಿದ. ನಿದ್ದೆಯಿಂದ ಎಬ್ಬಿಸುವ ಹಾಗಿತ್ತು ಆ ತಟ್ಟುವಿಕೆ.

ಚಿಗುಸ ಉಸಿರು ಬಿಗಿಹಿಡಿದು ಬಳಿದಳು. ಮುಗಿಯುವಷ್ಟರಲ್ಲಿ ನನ್ನಿಂದ ಒಂದು ಕೂದಲು ಕಳಚಿ ಕಪ್ಪು ಉರುಶಿಯ ಹಸಿ ಲೇಪದ ಮೇಲೆ ಮಲಗಿತು.

ಕೊನೆಯ ಲೇಪದಲ್ಲಿ ಧೂಳಿನ ಕಣ ಕೂತರೂ ಹಕ್ಕಿಗರಿಯ ಮೊನೆಯಿಂದ ಎತ್ತಿಬಿಡಬೇಕು. ಒಂದು ಕಣವಿದ್ದ ಬಟ್ಟಲೂ ತೋಕುಜಿಯ ಹೊಸ್ತಿಲು ದಾಟಿದ್ದಿಲ್ಲ. ಆತ ಗರಿ ಹಿಡಿದು ಬಗ್ಗಿದ. ಹಸಿ ಕಪ್ಪಿನಲ್ಲಿ ಆತನದೇ ಮುಖ ಕಂಡಿತು. ಅದರ ಮೇಲೆ ಅಡ್ಡಲಾಗಿ ಆ ಕೂದಲು.

ಗರಿ ಹಾಗೇ ನಿಂತಿತು.

"ಇರಲಿ ಬಿಡು," ಎಂದ.

ಉರುಶಿ ಬಿಸಿಲಿಗೆ ಒಣಗುವುದಿಲ್ಲ, ತೇವದಲ್ಲೇ ಒಣಗಬೇಕು. ಕಪಾಟಿನೊಳಗೆ ತಾನೇ ನೀರು ಚಿಮುಕಿಸಿ, ಬುರುಡೆಯನ್ನಿಟ್ಟು, ಬಾಗಿಲು ಹಾಕಿ ಅದರೆದುರು ಕೂತ.

ಪ್ರದರ್ಶನ ಮುಗಿಸಿ ಚಿಗುಸ ಬರುವಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ಪಕ್ಕದಲ್ಲಿ ಕೂತು ಹೇಳಿದಳು: "ಒಬ್ಬರು ಬಗ್ಗಿ ನೋಡಿ, ಅಯ್ಯೋ, ಇಷ್ಟು ಚೆಂದದ ಕೆಲಸದಲ್ಲಿ ಒಂದು ಕೂದಲು ಉಳಿದುಬಿಟ್ಟಿದೆಯಲ್ಲಾ ಅಂದ್ರು ಅಪ್ಪಾ."

"ಹೌದು," ಎಂದ ತೋಕುಜಿ, ಕಣ್ಣು ಮುಚ್ಚಿಕೊಂಡೇ. "ಉಳಿದಿದೆ."

ಆ ಚಳಿಗಾಲ ಆತ ದಾಟಲಿಲ್ಲ.

ನಾನೀಗ ಹೆಬ್ಬೆರಳುದ್ದದ ತುಂಡು. ಹಲಗೆಯ ತುದಿಯಲ್ಲಿ ನಾಲ್ಕು ಮೋಟು ಕೂದಲು, ಯಾವ ಕೆಲಸಕ್ಕೂ ಬಾರವು. ಆದರೂ ಬೇರೆ ಕುಂಚಗಳನ್ನು ತೊಳೆಯುವ ದಿನ ಚಿಗುಸ ನನ್ನನ್ನೂ ಹೊರಗೆ ತೆಗೆಯುತ್ತಾಳೆ. ಬೆರಳಿಗೆ ಎಣ್ಣೆ ಅದ್ದಿ, ತಾಯಿ ಮಗುವಿನ ತಲೆಗೆ ಹಚ್ಚುವ ಹಾಗೆ ಹಚ್ಚುತ್ತಾಳೆ. ಇಲ್ಲಿ ಮಾತ್ರ ಮಗಳು ತಾಯಿಗೆ ಹಚ್ಚುತ್ತಾಳೆ.